ಮೂರನೇ ಚುಕ್ಕಿ

ನಾನು ಹಲ್ಲು ಮಾಡುವವಳು. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಂದ ಅಚ್ಚು ತೆಗೆದು ಕಳಿಸಿದ ಮೇಲೆ ಅದಕ್ಕೆ ತಕ್ಕ ಹಲ್ಲು ಕಟ್ಟಿಕೊಡುವ ಲ್ಯಾಬಿನಲ್ಲಿ ನನ್ನ ಕೆಲಸ. ಬಿಳಿ ಅಂದರೆ ಒಂದೇ ಬಣ್ಣ ಅಂತ ಎಲ್ಲರೂ ತಿಳಿದಿದ್ದಾರೆ. ನಮ್ಮ ಲ್ಯಾಬಿನಲ್ಲಿ ಹದಿನಾರು ಬಿಳಿಗಳಿವೆ. ಹದಿನಾರನ್ನೂ ಕಿಟಕಿಯ ಬೆಳಕಿಗೆ ಹಿಡಿದು ಒಂದೇ ನೋಟಕ್ಕೆ ಬೇರೆ ಮಾಡಬಲ್ಲೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಂಥ ಕಣ್ಣಿದ್ದೂ ನಮ್ಮ ಮನೆಯಲ್ಲೇ ಒಂದು ಬಣ್ಣ ಬದಲಾದದ್ದು ನನಗೆ ಕಾಣಲಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಈ ದೇಶದಲ್ಲಿ ಕಾಯಂ ಆಗಿ ಇರಲು ಅನುಮತಿ ಕೊಡಿ ಎಂದು ನಾವು ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಗಿತ್ತು. ನಾವು ಅಂದರೆ ಟೈಲ್ಸ್ ಹಾಕುವ ನನ್ನ ಗಂಡ, ನಾನು ಮತ್ತು ನನ್ನ ಅತ್ತೆ. ಅರ್ಜಿ ಎಲ್ಲಿಗೆ ಬಂತು ಅಂತ ನೋಡಿಕೊಳ್ಳಲು ಕಚೇರಿಯವರು ಇಂಟರ್ನೆಟ್ಟಿನಲ್ಲಿ ಒಂದು ಪುಟ ಕೊಟ್ಟಿದ್ದರು. ಪುಟದ ತುಂಬ ಬರಹ, ಮೇಲ್ಗಡೆ ಸಾಲಾಗಿ ಐದು ಚುಕ್ಕಿ. ಅರ್ಜಿ ತಲುಪಿದ್ದಕ್ಕೆ ಒಂದು, ಆರೋಗ್ಯ ತಪಾಸಣೆಗೆ ಒಂದು, ಗುರುತಿಗೆ ಒಂದು, ಹಿನ್ನೆಲೆಗೆ ಒಂದು, ಕೊನೆಯದು ತೀರ್ಮಾನ. ಮುಗಿದದ್ದು ಹಸಿರು, ಮುಗಿಯದ್ದು ಬೂದಿ. ನಮ್ಮದು ಎರಡು ಹಸಿರಾಗಿ, ಮೂರನೆಯದರ ಹತ್ತಿರ ಬಂದು ಗೂಟ ಹೊಡೆದುಕೊಂಡು ಕೂತಿತ್ತು.

ಮೊದಮೊದಲು ಆ ಪುಟವನ್ನು ದಿನಕ್ಕೆ ನಲವತ್ತು ಸಲ ನೋಡುತ್ತಿದ್ದೆ. ಬಸ್ಸಿನಲ್ಲಿ, ಊಟಕ್ಕೆ ಕೂತಾಗ, ಲ್ಯಾಬಿನ ಒಲೆಯಲ್ಲಿ ಹಲ್ಲು ಬೇಯುವಾಗ. ಹಾಗೆ ನೋಡುತ್ತ ನೋಡುತ್ತ ಒಬ್ಬ ಹೆಂಗಸಿನ ಮುಂಬಲ್ಲನ್ನು ಪಕ್ಕದ ಹಲ್ಲಿಗಿಂತ ಎರಡು ಪಟ್ಟು ಹಳದಿ ಮಾಡಿಟ್ಟೆ. ಲ್ಯಾಬಿನ ಯಜಮಾನರು ಅದನ್ನು ನನ್ನ ಮುಂದಿಟ್ಟು, "ಇದು ಯಾರ ಬಾಯಿಗೆ ಅಂತ ಮಾಡಿದ್ದು, ಕುದುರೆಗಾ?" ಅಂದರು. ಹನ್ನೆರಡು ವರ್ಷದಲ್ಲಿ ಅವರು ನನಗೆ ಹಾಗೆ ಅಂದದ್ದೇ ಇಲ್ಲ. ಮನೆಗೆ ಬಂದವಳೇ ಕಾನೂನು ಮಾಡಿದೆ. ಇನ್ನು ಮೇಲೆ ತಿಂಗಳ ಒಂದನೇ ತಾರೀಕು ಮಾತ್ರ ನೋಡುವುದು. ಇಬ್ಬರ ಫೋನಿನಿಂದಲೂ ಪುಟವನ್ನು ಕಿತ್ತು ಹಾಕಿದೆ. ಏನಾದರೂ ಬದಲಾದರೆ ಟಿಂಗ್ ಅಂತ ಒಂದು ಗಂಟೆ ಬರುತ್ತಿತ್ತು. ಆ ಟಿಂಗಿಗೆ ಎದೆ ಹಾರುತ್ತದೆ ಅಂತ ಅದನ್ನೂ ನಿಲ್ಲಿಸಿದೆ. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು, ಬೆಂಕಿ ಬಿದ್ದರೆ ಹೊಡೆಯುವ ಗಂಟೆಯನ್ನೇ ಬಿಚ್ಚಿಟ್ಟೆ.

ನನ್ನ ಗಂಡ ಇದಕ್ಕೆ ಕುಣಿದುಕೊಂಡು ಒಪ್ಪಿದ. ಅವನ ಜೊತೆ ಕೆಲಸ ಮಾಡುವ ಒಬ್ಬನನ್ನು ನಾವು ಮಟ್ಟಗೋಲು ಅಂತ ಕರೆಯುತ್ತೇವೆ, ಲೋಕದಲ್ಲಿ ಯಾವುದೂ ನೆಟ್ಟಗಿಲ್ಲ ಅನ್ನುವುದೇ ಅವನ ಮಾತು. ಪದೇ ಪದೇ ನೋಡಿದರೆ ಕಚೇರಿಯವರಿಗೆ ಗೊತ್ತಾಗುತ್ತದೆ, ಸಿಟ್ಟಿಗೆ ಫೈಲನ್ನು ಎಲ್ಲದರ ಅಡಿಗೆ ಹಾಕುತ್ತಾರೆ ಅಂತ ಆ ಮಟ್ಟಗೋಲು ಇವನ ತಲೆಯಲ್ಲಿ ಹುಳ ಬಿಟ್ಟಿದ್ದ. ನಾನು ನಂಬಲಿಲ್ಲ, ಆದರೆ ನನ್ನ ಕಾನೂನಿಗೆ ಅನುಕೂಲವಾಯಿತು ಅಂತ ಬಾಯಿ ಮುಚ್ಚಿಕೊಂಡಿದ್ದೆ.

ಇನ್ನು ನನ್ನ ಅತ್ತೆ. ಮೂವತ್ತು ವರ್ಷ ಹೊಲಿಗೆ ಮಷೀನು ತುಳಿದು ಮಗನನ್ನು ಬೆಳೆಸಿದವರು. ಗಂಡ ಬೇಗ ತೀರಿಕೊಂಡರು, ಬಾಡಿಗೆ ಅಂಗಡಿ, ಬಾಡಿಗೆ ಮನೆ. ಇಲ್ಲಿಗೆ ಬರುವಾಗ ಎರಡನ್ನೂ ಬಿಟ್ಟು ಒಂದು ಪೆಟ್ಟಿಗೆ ಬಟ್ಟೆ, ಒಂದು ಡಬ್ಬಿ ದಾರ ತಂದಿದ್ದರು. ನನಗೆ ಹಲ್ಲಮ್ಮ ಅಂತ ಹೆಸರಿಟ್ಟವರು ಅವರೇ. ಬಂದ ದಿನದಿಂದ ಅವರದು ಒಂದೇ ರಾಗ. ಚಳಿಯಾದರೂ, ಬಸ್ಸು ತಡವಾದರೂ, ನಾನು ಬಟ್ಟೆ ಸರಿಯಾಗಿ ಮಡಿಸದಿದ್ದರೂ, "ನನ್ನನ್ನ ಕಳಿಸಿಬಿಡ್ರಪ್ಪ." ಅರ್ಜಿಗೆ ಸಹಿ ಹಾಕಿಸಿಕೊಳ್ಳುವ ದಿನವೂ ಮೂಗು ಮುರಿದಿದ್ದರು. "ಈ ವಯಸ್ಸಲ್ಲಿ ನನಗೆಂಥ ಕಾಯಂ? ನಾನೇ ಕಾಯಂ ಅಲ್ಲ." ನಾಲ್ಕು ವರ್ಷ ಕೇಳಿ ಕೇಳಿ ನಾನು ಆ ಮಾತನ್ನು ನಂಬಿಬಿಟ್ಟಿದ್ದೆ. ವಾಪಸ್ಸು ಹೋದರೆ ಅವರಿಗಿರುವುದು ತಮ್ಮನ ಮನೆಯ ನಡುಕೋಣೆಯಲ್ಲಿ ಒಂದು ಮಡಿಸುವ ಮಂಚ. ಆದರೂ ಅವರ ಜೀವ ಅಲ್ಲೇ ಇದೆ, ನಮಗಾಗಿ ಇಲ್ಲಿದ್ದಾರೆ ಅಂತಲೇ ತಿಳಿದಿದ್ದೆ.

ಒಂದು ಶನಿವಾರ, ಹದಿಮೂರನೇ ತಾರೀಕು, ಮಧ್ಯಾಹ್ನಕ್ಕೇ ಕೆಲಸ ಮುಗಿಸಿ ಬಂದೆ. ಅತ್ತೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಂಚದ ಮೇಲೆ ಅವರ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು, ಅವರು ಒಂದೊಂದೇ ಬಟ್ಟೆ ಅಂಚಿಗೆ ಅಂಚು ಕೂಡಿಸಿ ಇಡುತ್ತಿದ್ದರು.

"ಏನತ್ತೆ ಇದು, ಇವತ್ತು ಯಾವ ಬಸ್ಸು ತಡ ಆಯ್ತು?" ಅಂದೆ.

ಅವರು ತಿರುಗಿ ನೋಡಲಿಲ್ಲ. "ನೀವಿಬ್ರೂ ಮುಖಕ್ಕೆ ಮುಖ ಕೊಟ್ಟು ಹೇಳ್ತೀರಿ ಅಂತ ಹತ್ತು ದಿನ ಕಾದೆ. ಹೇಳೋಕೆ ಆಗದಿದ್ರೆ ಬೇಡ ಬಿಡು. ನನಗೆ ಅರ್ಥ ಆಗುತ್ತೆ."

"ಏನು ಹೇಳಬೇಕಿತ್ತು?"

"ಕಿತ್ತಳೆ ಆಗಿರೋದು."

"ಏನು ಕಿತ್ತಳೆ ಆಗಿದೆ?"

ಆಗ ತಿರುಗಿದರು. ನಾನು ನಾಟಕ ಮಾಡುತ್ತಿದ್ದೇನೋ ಅಂತ ನನ್ನ ಮುಖವನ್ನು ಒಂದು ನಿಮಿಷ ಓದಿದರು. ಆಮೇಲೆ ಬಾಗಿಲನ್ನು ಪೂರ್ತಿ ಮುಚ್ಚಿ, ಅದರ ಹಿಂದೆ ನೇತುಹಾಕಿದ್ದ ಕ್ಯಾಲೆಂಡರ್ ತೋರಿಸಿದರು. ಪ್ರತಿ ತಾರೀಕಿನ ಮನೆಯಲ್ಲೂ ಒಂದು ಹೊಲಿಗೆ ಹಾಕಿತ್ತು. ಕಾಗದ ಹರಿಯದ ಹಾಗೆ ಸಣ್ಣ ಸೂಜಿಯಲ್ಲಿ ಹಾಕಿದ ಒಂದೇ ಒಂದು ಹೊಲಿಗೆ. ಹಿಂದಿನ ಹಾಳೆಗಳನ್ನು ಮಗುಚಿದೆ. ಎಲ್ಲ ಬೂದಿ ದಾರ. ಈ ತಿಂಗಳು ಒಂದು, ಎರಡು ಬೂದಿ. ಮೂರರಿಂದ ಕಿತ್ತಳೆ.

ಅವರ ಧಾರಾವಾಹಿಗೆ ಅಂತ ಕೊಟ್ಟಿದ್ದ ಹಳೇ ಟ್ಯಾಬ್ ಒಂದಿತ್ತು. ನಾನು ಫೋನುಗಳಿಂದ ಪುಟ ಕಿತ್ತಿದ್ದೆ, ಆ ಟ್ಯಾಬನ್ನು ಮರೆತಿದ್ದೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅತ್ತೆ ದಿನಾ ಬೆಳಿಗ್ಗೆ ಅದನ್ನು ತೆರೆದು ನೋಡುತ್ತಿದ್ದರು. ಇಲ್ಲಿನ ಭಾಷೆ ಅವರಿಗೆ ಒಂದಕ್ಷರ ಓದಲು ಬಾರದು. ಬಣ್ಣಕ್ಕೆ ಓದು ಯಾಕೆ ಬೇಕು? ಮೂರನೇ ಚುಕ್ಕಿ ಯಾವ ಬಣ್ಣವೋ ಆ ಬಣ್ಣದ ದಾರ ಹುಡುಕಿ ಆ ದಿನದ ಮೇಲೆ ಒಂದು ಹೊಲಿಗೆ. ಕಳಿಸಿಬಿಡಿ ಕಳಿಸಿಬಿಡಿ ಅನ್ನುವವರು ವರ್ಷದಿಂದ ಮಾಡುತ್ತಿದ್ದ ಕೆಲಸ ಇದು.

"ನೀವು ಓದಿದೋರು, ನಿಮಗೆ ಗೊತ್ತಿಲ್ಲದೆ ಇರುತ್ತಾ ಅಂದ್ಕೊಂಡೆ," ಅಂದರು. "ನನ್ನ ಹೆಸರು ತೆಗೆದಿದ್ದಾರೆ, ಹೇಳೋಕೆ ಬಾಯಿ ಬರ್ತಾ ಇಲ್ಲ ನಿಮಗೆ ಅಂತ."

ನಾನು ಟ್ಯಾಬ್ ಕಿತ್ತುಕೊಂಡೆ. ಮೂರನೇ ಚುಕ್ಕಿ ನಿಜಕ್ಕೂ ಕಿತ್ತಳೆ. ಅದರ ಕೆಳಗೆ ಒಂದು ಪತ್ರ. ಮುಖ್ಯ ಅರ್ಜಿದಾರರ ಬೆರಳಚ್ಚುಗಳು ಸ್ಪಷ್ಟವಾಗಿಲ್ಲ, ಗುರುತು ಹಚ್ಚಲು ಸಾಧ್ಯವಾಗಿಲ್ಲ. ಈ ಪತ್ರದ ತಾರೀಕಿನಿಂದ ಇಪ್ಪತ್ತೊಂದು ದಿನದೊಳಗೆ ಬಂದು ಹೊಸದಾಗಿ ಬೆರಳಚ್ಚು ಕೊಡಬೇಕು. ಕೊಡದಿದ್ದರೆ ಅರ್ಜಿಯನ್ನು ಮುಚ್ಚಲಾಗುವುದು.

ನನ್ನ ಕಾನೂನಿನ ಪ್ರಕಾರ ನಾವು ಇದನ್ನು ನೋಡಬೇಕಾದ್ದು ಮುಂದಿನ ಒಂದನೇ ತಾರೀಕು. ಅಷ್ಟರಲ್ಲಿ ಗಡುವು ಮುಗಿದು ವಾರವಾಗಿರುತ್ತಿತ್ತು. ನಾನು, ನನ್ನ ಗಂಡ ಹೇಗಾದರೂ ಮತ್ತೆ ಅರ್ಜಿ ಹಾಕಬಹುದಿತ್ತು. ಅತ್ತೆಗೆ ಅದೂ ಇರಲಿಲ್ಲ. ತಂದೆತಾಯಿಯನ್ನು ಅರ್ಜಿಯಲ್ಲಿ ಸೇರಿಸಲು ಒಂದು ವಯಸ್ಸಿನ ಮಿತಿಯಿದೆ, ಅದನ್ನು ಅವರು ಅರ್ಜಿ ಹಾಕಿದ ಮೇಲೆ ದಾಟಿದ್ದರು. ಈ ಫೈಲು ಮುಚ್ಚಿದರೆ ಅವರು ಹೊರಡಲೇಬೇಕು, ತಮ್ಮನ ಮನೆಯ ಮಡಿಸುವ ಮಂಚಕ್ಕೆ.

"ಅತ್ತೆ, ನಿಮ್ಮ ಹೆಸರು ತೆಗೆದಿಲ್ಲ. ನಿಮ್ಮ ಮಗನ ಬೆರಳು ಕಾಣ್ತಿಲ್ಲವಂತೆ," ಅಂದೆ. "ತಪ್ಪು ನಂದು. ನೀವು ನೋಡದಿದ್ರೆ ಮುಳುಗಿ ಹೋಗ್ತಿದ್ವಿ."

ಅವರು ಮಂಚದ ಮೇಲೆ ಕೂತರು. ನಗುತ್ತಾರೋ ಅಳುತ್ತಾರೋ ಗೊತ್ತಾಗಲಿಲ್ಲ. "ಓದು ಬಾರದೋರನ್ನ ಹೆಬ್ಬೆಟ್ಟು ಅಂತಾರೆ," ಅಂದರು. "ನನ್ನ ಮಗನಿಗೆ ಹೆಬ್ಬೆಟ್ಟು ಒತ್ತೋಕೂ ಬರಲಿಲ್ವಲ್ಲ."

ಸಂಜೆ ಗಂಡ ಬಂದಾಗ ಇಬ್ಬರೂ ಸೇರಿ ವಿಷಯ ಹೇಳಿದೆವು. ಅವನು ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ. ಎಳೆದು ನೋಡಿದೆ. ಹದಿನೈದು ವರ್ಷ ಸಿಮೆಂಟು, ಟೈಲ್ಸಿನ ಅಂಚು, ಸಂದಿಗೆ ತುಂಬುವ ಪುಡಿ. ತುದಿಬೆರಳು ಉಜ್ಜಿ ಉಜ್ಜಿ ಬೋಳಾಗಿತ್ತು. ಈ ಕೈ ಹಿಡಿದು ಒಂಬತ್ತು ವರ್ಷ ಸಂಸಾರ ಮಾಡಿದ್ದೇನೆ, ಒಂದು ಸಲವೂ ಗಮನಿಸಿರಲಿಲ್ಲ.

ಸೋಮವಾರ ಕಚೇರಿಗೆ ಫೋನು ಮಾಡಿದರೆ ಸಿಕ್ಕಿದ್ದು ಒಂದೇ ಹೊತ್ತು, ಇಪ್ಪತ್ಮೂರನೇ ತಾರೀಕು ಬೆಳಿಗ್ಗೆ. ಗಡುವಿನ ಹಿಂದಿನ ದಿನ. ಚರ್ಮ ತಾನಾಗಿ ಬೆಳೆದು ಗೆರೆ ಮೂಡಬೇಕು, ಅಲ್ಲಿಯವರೆಗೆ ಸಿಮೆಂಟು ಮುಟ್ಟಬಾರದು ಅಂತ ಔಷಧಿ ಅಂಗಡಿಯವಳು ಹೇಳಿದಳು. ಮೇಸ್ತ್ರಿ ಗೊಣಗುತ್ತಲೇ ರಜೆ ಕೊಟ್ಟ.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೆರಳುಗಳದ್ದೇ ದರ್ಬಾರು. ಅತ್ತೆ ಹತ್ತಿ ಬಟ್ಟೆಯಲ್ಲಿ ಎರಡು ಜೊತೆ ಕೈಗವಸು ಹೊಲಿದರು. ಬೆಳಿಗ್ಗೆ ಎಣ್ಣೆ, ಮಧ್ಯಾಹ್ನ ಮುಲಾಮು, ಮೇಲೆ ಕೈಗವಸು. ಪಾತ್ರೆ ಮುಟ್ಟುವಂತಿಲ್ಲ, ಬಾಗಿಲು ತಳ್ಳುವಂತಿಲ್ಲ, ಅಂಗಿಯ ಗುಂಡಿಯೂ ಅವರೇ ಹಾಕುತ್ತಿದ್ದರು. "ಮದುಮಗನ ಹಾಗೆ ಕೂರಿಸಿದ್ದೀರಲ್ಲ," ಅಂದೆ. "ಮದುವೆಯಲ್ಲೂ ಇವನು ಇಷ್ಟು ಸುಮ್ಮನೆ ಕೂತಿರಲಿಲ್ಲ," ಅಂದರು. ಅವನು ಎರಡನೇ ದಿನಕ್ಕೇ ಸಾಕಾಗಿ ಬಚ್ಚಲಿನಲ್ಲಿ ಸಡಿಲವಾಗಿದ್ದ ಒಂದು ಟೈಲನ್ನು ಸರಿಮಾಡಲು ಹೋಗಿ ಸಿಕ್ಕಿಬಿದ್ದ. ನಾನು ಮಾತಾಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಅತ್ತೆ ಸೊಸೆ ಒಂದಾಗಿ ಅವನನ್ನು ಬೈದದ್ದು ಅದೇ ಮೊದಲು. ಅವನಿಗೆ ಅದೂ ಒಂಥರಾ ಖುಷಿಯೇ ಆಯಿತು ಅನ್ನಿಸುತ್ತದೆ.

ಗೆರೆ ಮೂಡುತ್ತಿದೆಯೋ ಇಲ್ಲವೋ ಬರಿಗಣ್ಣಿಗೆ ತಿಳಿಯುತ್ತಿರಲಿಲ್ಲ. ಅಚ್ಚುಗಳ ಜೊತೆಯೇ ಬಾಳುವವಳು ನಾನು, ಅಚ್ಚನ್ನೇ ತೆಗೆದೆ. ಬಾಯಿಯ ಅಚ್ಚಿಗೆ ಬಳಸುವ ಪುಡಿಯನ್ನು ಯಜಮಾನರನ್ನು ಕೇಳಿ ತಂದು, ನೀರಲ್ಲಿ ಕಲಸಿ, ಅವನ ಹೆಬ್ಬೆರಳನ್ನು ಅದರಲ್ಲಿ ಊರಿಸಿದೆ. ಎರಡು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಬೆರಳು ತೆಗೆದು ಆ ಕುಳಿಗೆ ಹಾಲಿನಂತೆ ಕಲಸಿದ ಬಿಳಿ ಪ್ಲಾಸ್ಟರ್ ಸುರಿದರೆ ಒಂದು ಗಂಟೆಯಲ್ಲಿ ಬಿಳಿ ಹೆಬ್ಬೆರಳು ತಯಾರು. ಹೋಲಿಸಲು ಒಂದು ಒಳ್ಳೆಯ ಬೆರಳು ಬೇಕಲ್ಲ, ನನ್ನದನ್ನೂ ತೆಗೆದೆ. ಲ್ಯಾಬಿನ ಭೂತಗನ್ನಡಿಯಲ್ಲಿ ನೋಡಿದರೆ ನನ್ನದರಲ್ಲಿ ಬಾಚಿದ ಕೂದಲಿನ ಹಾಗೆ ಗೆರೆಗಳು, ಅವನದು ಹೊಳೆಯ ಕಲ್ಲಿನ ಹಾಗೆ ನುಣ್ಣಗೆ.

ಎರಡು ದಿನಕ್ಕೊಂದು ಅಚ್ಚು ತೆಗೆದು ಅಡುಗೆಮನೆಯ ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಇಡುತ್ತ ಹೋದೆ. ಎರಡನೆಯದೂ ನುಣ್ಣಗೆ. ಮೂರನೆಯದರಲ್ಲಿ ಒಂದು ಬದಿಗೆ ಏನೋ ನೆರಳು. ನಾಲ್ಕನೆಯದನ್ನು ಅತ್ತೆ ಕಣ್ಣು ಮುಚ್ಚಿ ತಮ್ಮ ಬೆರಳ ತುದಿಯಿಂದ ಸವರಿದರು. ಬಟ್ಟೆಯ ಎಳೆ ತಿಳಿಯಲು ಹಾಗೆ ಸವರುತ್ತಾರೆ. "ಬರ್ತಾ ಇದೆ," ಅಂದರು. ಭೂತಗನ್ನಡಿಯಲ್ಲಿ ನೋಡಿದೆ, ಬರುತ್ತಿತ್ತು.

ಇಪ್ಪತ್ಮೂರನೇ ತಾರೀಕು ಮೂವರೂ ಹೋದೆವು. ಅತ್ತೆಯ ಅಗತ್ಯ ಅಲ್ಲಿ ಇರಲಿಲ್ಲ, ಆದರೆ ಬರಬೇಡಿ ಅನ್ನಲು ನನಗೆ ಯಾವ ಬಾಯಿತ್ತು? ಉದ್ದನೆಯ ಕೋಣೆ, ಗೋಡೆಗುಂಟ ಕುರ್ಚಿಗಳು, ಕೊನೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಗಾಜಿನ ಮುಖದ ಒಂದು ಯಂತ್ರ. ಅದರ ಹಿಂದೆ ಕನ್ನಡಕ ಹಾಕಿದ ಹೆಂಗಸು. ಅಚ್ಚು ಸರಿ ಬಂದರೆ ಹಸಿರು ದೀಪ, ಬಾರದಿದ್ದರೆ ಕೆಂಪು. ಅವನು ಕೈಗವಸು ಬಿಚ್ಚಿ ಬಲಗೈ ಹೆಬ್ಬೆರಳಿಟ್ಟ. ಕೆಂಪು. ಮತ್ತೆ ಇಟ್ಟ. ಕೆಂಪು. ಅವಳು ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ ಮತ್ತೆ ಇಡಲು ಹೇಳಿದಳು. ಕೆಂಪು. ಇನ್ನೊಂದು ಸಲ ನೋಡೋಣ, ಆಗದಿದ್ದರೆ ಆಗಲಿಲ್ಲ ಅಂತ ಬರೆದು ಕಳಿಸುತ್ತೇನೆ, ಮುಂದಿನದನ್ನು ಮೇಲಿನವರು ತೀರ್ಮಾನಿಸುತ್ತಾರೆ ಅಂದಳು. ಅವಳು ಕೆಟ್ಟವಳಲ್ಲ, ಆದರೆ ನನಗೆ ಅವಳ ಕನ್ನಡಕ ಕಿತ್ತೆಸೆಯುವಷ್ಟು ಸಿಟ್ಟು ಬಂತು. ಅಚ್ಚಿನಲ್ಲಿ ಗೆರೆ ಇತ್ತು. ನಾನೇ ಕಣ್ಣಾರೆ ನೋಡಿದ್ದೆ.

ಹಿಂದಿನ ಕುರ್ಚಿಯಿಂದ ಅತ್ತೆ ಎದ್ದು ಬಂದರು. ಅಷ್ಟು ಹೊತ್ತೂ ಅವರು ಯಂತ್ರವನ್ನು ನೋಡಿರಲಿಲ್ಲ, ಮಗನ ಭುಜವನ್ನು ನೋಡುತ್ತಿದ್ದರು.

"ಲೋ, ಅದೇನು ನೆಲಕ್ಕೆ ಟೈಲ್ಸ್ ಕೂರಿಸ್ತಾ ಇದ್ದೀಯ? ಮೈಭಾರ ಎಲ್ಲ ಹಾಕಿ ಒತ್ತುತ್ತಿದ್ದೀಯಲ್ಲ," ಅಂದರು. "ಒತ್ತಬೇಡ. ಸುಮ್ಮನೆ ಇಡು. ಸೂಜಿ ಕೆಳಗೆ ಬಟ್ಟೆ ಹಿಡಿದ ಹಾಗೆ."

ಹೌದಲ್ಲ. ಹದಿನೈದು ವರ್ಷ ಟೈಲ್ಸ್ ಒತ್ತಿದ ಕೈ. ಒಂದು ಚೌಕಾಕಾರದ ಗಾಜು ಮುಂದೆ ಬಂದರೆ ಅದಕ್ಕೆ ಗೊತ್ತಿರುವುದು ಒಂದೇ, ಅಲ್ಲಾಡದ ಹಾಗೆ ಅದುಮಿ ಕೂರಿಸುವುದು. ಹೊಸದಾಗಿ ಮೂಡಿದ ಮೆತ್ತನೆಯ ಗೆರೆಗಳೆಲ್ಲ ಆ ಒತ್ತಡಕ್ಕೆ ಚಪ್ಪಟೆಯಾಗುತ್ತಿದ್ದವು. ಹೋದ ವರ್ಷ ಮೊದಲ ಸಲ ಬೆರಳಚ್ಚು ಕೊಟ್ಟಾಗಲೂ ಹೀಗೇ ಅದುಮಿರಬೇಕು. ಅವನು ಉಸಿರು ಬಿಟ್ಟು, ಭುಜ ಇಳಿಸಿ, ಬೆರಳನ್ನು ಗಾಜಿಗೆ ತಾಗಿಸಿದ ಅಷ್ಟೆ. ಹಸಿರು. ಎರಡನೆಯ ಬೆರಳು ಹಸಿರು. ಹತ್ತರಲ್ಲಿ ಒಂದೂ ತಪ್ಪಲಿಲ್ಲ. ಆ ಹೆಂಗಸು ಅತ್ತೆಯ ಕಡೆ ನೋಡಿ ಅದೇನು ಹೇಳಿದಿರಿ ಅಂತ ಕೇಳಿದಳು. ಹೊಲಿಗೆಯ ವಿಷಯ ಅಂತ ನಾನು ಹೇಳಿದೆ.

ವಾರದೊಳಗೆ ಮೂರನೇ ಚುಕ್ಕಿ ಹಸಿರಾಯಿತು. ನನ್ನ ಕಾನೂನನ್ನು ನಾನೇ ಹಿಂತೆಗೆದುಕೊಂಡು, ದಿನಕ್ಕೊಮ್ಮೆ ನೋಡುವ ಅಧಿಕಾರವನ್ನು ಅತ್ತೆಗೇ ಬರೆದುಕೊಟ್ಟೆ. ಟಿಂಗನ್ನು ಮತ್ತೆ ಹಾಕಿದೆ. ನಡುವೆ ಒಂದು ಸಣ್ಣ ವಿಷಯ ಆಯಿತು. ಕಿಟಕಿಯ ಹಲಗೆಯ ಮೇಲಿದ್ದ ಆರು ಬಿಳಿ ಹೆಬ್ಬೆರಳುಗಳಲ್ಲಿ ಎರಡು ಕಾಣಲಿಲ್ಲ. ಒರೆಸುವಾಗ ಬಿದ್ದು ಒಡೆದಿರಬೇಕು, ಗಂಡ ಬೈಗುಳಕ್ಕೆ ಹೆದರಿ ಬಚ್ಚಿಟ್ಟಿರಬೇಕು ಅಂದುಕೊಂಡೆ. ಕೇಳಿದರೆ ಅವನು ಇಲ್ಲ ಅಂದ, ನಾನು ನಂಬಲಿಲ್ಲ.

ಆರು ವಾರ ಕಳೆದ ಮೇಲೆ ಒಂದು ಮಂಗಳವಾರ, ನಾನು ಒಬ್ಬ ಮುದುಕನ ಕೋರೆಹಲ್ಲಿಗೆ ಬಣ್ಣ ಹಚ್ಚುತ್ತಿದ್ದಾಗ ಲ್ಯಾಬಿನ ಫೋನು ಬಡಿಯಿತು. ಯಜಮಾನರು ನನ್ನ ಕೈಗೆ ಕೊಟ್ಟರು. ಅತ್ತೆ ಲ್ಯಾಬಿಗೆ ಯಾವತ್ತೂ ಫೋನು ಮಾಡಿದವರಲ್ಲ.

"ಹಲ್ಲಮ್ಮ, ಐದೂ ಹಸಿರು."

ನನ್ನ ಸ್ವಂತ ಫೋನನ್ನು ಬ್ಯಾಗಿನಲ್ಲಿ ತುರುಕಿಟ್ಟಿದ್ದೆ, ಟಿಂಗ್ ಅಂದದ್ದು ಕೇಳಿರಲಿಲ್ಲ. "ಸರಿ ನೋಡಿದ್ರಾ ಅತ್ತೆ?"

"ಹಸಿರು ಯಾವುದು ಅಂತ ನೀನು ನನಗೆ ಹೇಳಿಕೊಡ್ತೀಯಾ? ಪತ್ರ ಇದೆ. ಅದು ಓದೋಕೆ ಬರಲ್ಲ. ಎಷ್ಟು ಹೆಸರಿದೆ ನೋಡಿ ಹೇಳು."

ಬ್ಯಾಗಿನಿಂದ ಫೋನು ತೆಗೆದು ಪತ್ರ ಬಿಚ್ಚಿದೆ. ಅನುಮತಿ ನೀಡಲಾಗಿದೆ. ಗಂಡನ ಹೆಸರು. ನನ್ನ ಹೆಸರು. ಪುಟ ಅಲ್ಲಿಗೆ ಮುಗಿಯಿತು. ಎಷ್ಟು ಒತ್ತಿದರೂ ಮುಂದಿನ ಪುಟ ಸರಿಯಲೇ ಇಲ್ಲ. ಆ ಕಡೆಯಿಂದ ಅತ್ತೆಯ ಉಸಿರು ಕೇಳುತ್ತಿತ್ತು. ಒತ್ತಬೇಡ, ಸುಮ್ಮನೆ ಇಡು ಅಂತ ನನಗೆ ನಾನೇ ಹೇಳಿಕೊಂಡು ಬೆರಳಿಟ್ಟೆ. ಪುಟ ಸರಿಯಿತು. ಮೇಲೆಯೇ ಅವರ ಹೆಸರು, ಅವರ ಅಪ್ಪನ ಹೆಸರಿನ ಜೊತೆ ಪೂರ್ತಿಯಾಗಿ.

"ಮೂರೂ ಇದೆ ಅತ್ತೆ. ನಿಮ್ಮದು ಎಲ್ಲಕ್ಕಿಂತ ಉದ್ದ ಇದೆ."

"ಸರಿ. ಬರ್ತಾ ಒಂದು ಉಂಡೆ ಹಸಿರು ದಾರ ತಗೊಂಡು ಬಾ. ಮುಗಿದಿದೆ," ಅಂತ ಫೋನಿಟ್ಟರು. ನಾನು ಮುದುಕನ ಕೋರೆಹಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟೆ. ಯಜಮಾನರು ಹಲ್ಲನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದಿಟ್ಟು, ಮನೆಗೆ ಹೋಗು ಅಂದರು.

ಮನೆಗೆ ಬಂದರೆ ಪೆಟ್ಟಿಗೆ ಮತ್ತೆ ಮಂಚದ ಮೇಲಿತ್ತು. ಆ ಶನಿವಾರ ತುಂಬಿದ್ದನ್ನು ಅವರು ಬಿಚ್ಚಿರಲೇ ಇಲ್ಲ. ಇಷ್ಟು ದಿನವೂ ಮಂಚದ ಕೆಳಗೆ ಕಟ್ಟಿಟ್ಟ ಪೆಟ್ಟಿಗೆ, ಅದರ ಮೇಲೆ ಮಲಗುತ್ತಿದ್ದ ಅತ್ತೆ. ನನಗೆ ಅದು ತಿಳಿದಿರಲಿಲ್ಲ. "ತೆಗೆದು ಬೀರುವಿಗೆ ಇಡು, ನನಗೆ ಬಗ್ಗೋಕೆ ಆಗಲ್ಲ," ಅಂದರು.

ಒಂದೊಂದೇ ತೆಗೆದೆ. ಒಂದು ಬದಿಯಲ್ಲಿ, ಆಮೇಲೆ ಯಾವಾಗಲೋ ಕರವಸ್ತ್ರದಲ್ಲಿ ಸುತ್ತಿ, ಒಡೆಯದ ಹಾಗೆ ಉಣ್ಣೆಯ ಶಾಲಿನ ಮಡಿಕೆಯಲ್ಲಿ ಇಟ್ಟಿದ್ದ ಎರಡು ಬಿಳಿ ಹೆಬ್ಬೆರಳು ಸಿಕ್ಕವು. ಒಂದು ಅವರ ಮಗನದು, ಕೊನೆಯದಾಗಿ ತೆಗೆದದ್ದು, ಗೆರೆ ಮೂಡಿದ್ದು. ಇನ್ನೊಂದು ನನ್ನದು.

ಕೇಳಬೇಕಾಗಿರಲಿಲ್ಲ, ಆದರೂ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. "ಮಗನದು ಸರಿ. ನನ್ನದು ಯಾಕತ್ತೆ?"

ಅವರು ಹೊಸ ದಾರವನ್ನು ಸೂಜಿಗೆ ಪೋಣಿಸುತ್ತಿದ್ದರು, ತಲೆ ಎತ್ತಲಿಲ್ಲ. "ಒಬ್ಬಳೇ ಹೋಗಬೇಕಾಗಿ ಬಂದ್ರೆ ಇರಲಿ ಅಂತ. ಅಲ್ಲಿ ಯಾರಿಗೆ ಬೈಯ್ಲಿ?"

ನಾನು ಅವರ ಪಕ್ಕದಲ್ಲಿ ಕೂತೆ. ಅವರು ಎದ್ದು ಹೋಗಿ, ಬಾಗಿಲು ಮುಚ್ಚಿ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಹಸಿರು ಹೊಲಿಗೆ ಹಾಕಿದರು. ಹಲ್ಲಿನಿಂದ ದಾರ ಕಡಿದು, ಹಿಂದೆ ಗಂಟು ಹಾಕಿದರು. ಅಷ್ಟು ತಿಂಗಳಲ್ಲಿ ಒಂದು ಹೊಲಿಗೆಗೂ ಅವರು ಗಂಟು ಹಾಕಿರಲಿಲ್ಲ.